ಹದಿನಾಲ್ಕು ಗುಂಟೆ

ಹಳೇ ಟಿಪ್ಪಣಿ ಪುಸ್ತಕ ಬಿಚ್ಚಿದರೆ ಗೆದ್ದಲ ಪುಡಿ,
ಪುಡಿಯ ಕೆಳಗೆ ಒಂದು ಮೊಟ್ಟೆ.
ಸುತ್ತಲ ಸರ್ವೆ ನಂಬರುಗಳೆಲ್ಲ ಮುಕ್ಕಾದ ಚೌಕ,
ಹರಿದ ಪಂಚೆಯ ಅಂಚು;
ಇದೊಂದು ಮಾತ್ರ ಉದ್ದುದ್ದ ಗುಂಡಗೆ, ಕೆಂಪು ಶಾಯಿಯಲ್ಲಿ.
ಪಕ್ಕದಲ್ಲಿ ಬರೆದಿತ್ತು:
ಕುದುರೆ ಬಯಲು. ಖರಾಬು.

ಮೊಟ್ಟೆಯ ತೆಂಕಣ ಮಗ್ಗುಲಿಗೆ ಯಾರೋ
ಹೆಬ್ಬೆರಳಲ್ಲಿ ಒತ್ತಿದಂತೆ ತಗ್ಗು.
ಬರೆದವನ ಕೈ ನಡುಗಿತೆಂದುಕೊಂಡೆ ಮೊದಲು.
ಸರಪಳಿ ಹಿಡಿದ ಕೈ ಹಾಗೆಲ್ಲ ನಡುಗುವುದಿಲ್ಲ,
ಮೂವತ್ತೊಂದು ವರ್ಷ ಹಿಡಿದವನು, ಬಲ್ಲೆ.

ಮುಂದಿನದು ಇಮಾಂಬಿ ಹೇಳಿದ್ದು,
ಟಾಂಗಾ ಬುಡನ್ ಸಾಬರ ಮೊಮ್ಮಗಳು, ತೊಂಬತ್ತರ ಮುದುಕಿ;
ಅವಳಿಗೆ ಅಜ್ಜ ಹೇಳಿದ್ದು,
ನಾನು ಅರ್ಧ ನಂಬಿ ನಿಮಗೆ ಹೇಳುತ್ತಿರುವುದು.

ಕಾಫಿ ತೋಟದ ದೊರೆಗಳಿಗೆ ಕ್ರಿಸ್ಮಸ್ಸಿನಲ್ಲಿ ಬೇಜಾರು.
ಬೆಂಗಳೂರು ದೂರ, ಊಟಿ ಇನ್ನೂ ದೂರ,
ಶಿವಮೊಗ್ಗದಲ್ಲಿ ಹೊಳೆಯಾಚೆ ಇಷ್ಟಗಲ ಹುಲ್ಲು ಸುಮ್ಮನೆ ಬಿದ್ದಿದೆ.
ಪಾರ್ಸನ್ಸ್ ದೊರೆ ಬೆತ್ತದಲ್ಲಿ ನೆಲದ ಮೇಲೆ ಗೀಚಿದ,
ಅಮಲ್ದಾರ ಹೌದೆಂದ, ಶಾನುಭೋಗ ಬರೆದ,
ಹುತ್ತ ಕಡಿದರು, ಬಿದಿರ ಗಳ ನೆಟ್ಟು ಸುಣ್ಣ ಬಳಿದರು.
ಗೀಟಿನ ಮೇಲೆ ಸಿಕ್ಕಿತು
ಹಾಲಮ್ಮನ ಹುರುಳಿ ಹೊಲ.

ಎಂಬತ್ತು ರೂಪಾಯಿ ಎಂದರು. ನೂರು ಎಂದರು.
ಬದಲಿಗೆ ನಾಲೆಯ ಕೆಳಗೆ ಗದ್ದೆ ಎಂದರು.
ಆಕೆ ಹೊಲದ ನಡುವೆ ಕೂತು ಎಲೆಗೆ ಸುಣ್ಣ ಸವರುತ್ತ
'ಕುದುರೆಗೆ ಹುರುಳಿ ಬೇಕಲ್ಲ, ಎಲ್ಲಿ ಬೆಳೀಲಿ?' ಅಂದಳಂತೆ.
ಓಟದ ಹಾದಿಯೇ ಹೊಟ್ಟೆ ಒಳಗೆಳೆದುಕೊಂಡಿತು.

ಮೊದಲ ವರ್ಷ: ಐದು ಕುದುರೆ, ಒಂದು ಬ್ಯಾಂಡು,
ಹೆಂಗಸರ ಟೋಪಿಗಳಲ್ಲಿ ಯಾವುದೋ ಹಕ್ಕಿಯ ಪುಕ್ಕ.
ಮುಂದಿದ್ದ ಸಿಲ್ವರ್ ಕ್ವೀನ್‌ಗೆ ತಗ್ಗು ಗೊತ್ತಿರಲಿಲ್ಲ.
ಸವಾರ ಬೇಲಿಯಲ್ಲಿ, ಕುದುರೆ ಹುರುಳಿಯಲ್ಲಿ.
ಹಾಲಮ್ಮ ಅದರ ಲಗಾಮು ಹಿಡಿದು
ತುಡುಗು ದನ ಅಟ್ಟುವ ದೊಡ್ಡಿಗೆ ಹೊಡೆದಳು.
ಪಾರ್ಸನ್ಸ್ ದೊರೆ ನಾಲ್ಕಾಣೆ ದಂಡ ಕಟ್ಟಿ ಬಿಡಿಸಿಕೊಂಡ.
(ರಸೀದಿ ನೋಡಿದೆ ಎನ್ನುತ್ತಾಳೆ ಇಮಾಂಬಿ. ಓದು ಬಾರದವಳು.)

ಎರಡನೇ ವರ್ಷ, ತಮಾಷೆಗೆಂದು, ಊರವರಿಗೂ ಒಂದು ಪಂದ್ಯ.
ಬುಡನ್ ಸಾಬರ ಮೈನಾ, ಮೂಳೆ ಎದ್ದ ಹೆಣ್ಣು ಕುದುರೆ,
ಅದೇ ಬದುವಿನ ಮೇಲೆ ದಿನಾ ಸೌದೆ ಎಳೆದದ್ದು,
ತಗ್ಗು ಬಂದಲ್ಲಿ ತಾನೇ ತಾನಾಗಿ ನಿಧಾನಿಸಿ, ಹೊರಳಿ,
ಮತ್ತೆ ಓಡಿತು. ಗೆದ್ದಿತು ಎನ್ನುತ್ತಾಳೆ ಇಮಾಂಬಿ.
ನನಗೆ ಸಿಕ್ಕ ಕಾಗದದಲ್ಲಿ ಎರಡನೆಯದು.
ನಾನು ಕಾಗದ ತೋರಿಸಲಿಲ್ಲ.

ಮೂರನೇ ವರ್ಷ ಪೂನಾ ಕಡೆಯ ಒಬ್ಬ ಹುಡುಗ,
ಹದಿನೇಳೋ ಹದಿನೆಂಟೋ,
ಬಾಡಿಗೆಯ ಸವಾರ, ಬಾಡಿಗೆಯ ಬೂಟು.
ತಗ್ಗಿನಲ್ಲಿ ಬಿದ್ದ. ಏಳಲಿಲ್ಲ.
ಕುದುರೆಯ ಹೆಸರು ಎಲ್ಲರಿಗೂ ನೆನಪಿತ್ತು.

ದೊರೆಗಳು ಮತ್ತೆ ಬರಲಿಲ್ಲ.
ಆ ಮುಂಗಾರು ಹಾಲಮ್ಮ ಬಿತ್ತಲಿಲ್ಲ.
ಕಚೇರಿಗೆ ತಾನೇ ಹೋಗಿ, ಕಂಬದ ಹತ್ತಿರ ನಿಂತು
'ಹೊಲ ತಗೊಳ್ಳಿ ಬುದ್ಧೀ, ದುಡ್ಡು ಬ್ಯಾಡ' ಅಂದಳಂತೆ.
ಅಮಲ್ದಾರ ಕಡತದಿಂದ ತಲೆ ಎತ್ತದೆ
'ಬಯಲೇ ಇಲ್ಲವಲ್ಲಮ್ಮ ಈಗ,
ತಗೊಂಡು ಏನು ಮಾಡಲಿ?'

ಎಷ್ಟೋ ಕಾಲದ ಮೇಲೆ ಅಲ್ಲಿ ಲೇಔಟು.
ಬುಲ್ಡೋಜರಿನ ನೆರಳಲ್ಲಿ ನಿಂತು ಒಬ್ಬ
'ಗೀಟು ನೆಟ್ಟಗೆ ಎಳೀರಿ ಸಾರ್, ನಾಕು ಸೈಟು ಉಳೀತವೆ' ಅಂದ,
ಲಕೋಟೆಯನ್ನೂ ತಂದಿದ್ದ.
ಒಯ್ಯಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ.
ಬಾಂದುಕಲ್ಲು ಮಾತ್ರ ಪುಸ್ತಕ ಹೇಳಿದಲ್ಲೇ ಹೂಳಿಸಿದೆ.

ಈಗ ಅಲ್ಲಿ ರಸ್ತೆ. ಒಂದು ಬೇಕರಿ, ಒಂದು ಟ್ಯೂಷನ್ ಬೋರ್ಡು,
ರಾತ್ರಿ ಬೈಕುಗಳು ಬೀಳುವುದರಿಂದ ಎರಡು ಹಂಪು.
ತಿರುವು ಯಾಕೆ ಎಂದು ಕೇಳಿದವರಿಲ್ಲ.

ಮೊನ್ನೆ ಪಿಂಚಣಿ ತರಲು ಸ್ಕೂಟರಿನಲ್ಲಿ ಹೋದೆ.
ನಾನೇ ಅಳೆದ ತಗ್ಗು;
ಆದರೂ ಬ್ರೇಕು ಹಾಕುವಾಗ
ತುಸು ತಡವಾಯಿತು.